‘ಬರ’ ಎಂಬ ಮಾತು ಯಾರ ಬಾಯಿಂದ ಬರಬೇಕು?



ಮಳೆ ಬಾರದಿರುವುದು ಪ್ರಕೃತಿಯ ಕೆಲಸ. ಬರ ಬಂದಿದೆ ಎಂದು ಹೇಳುವುದು ಸರ್ಕಾರದ ಕೆಲಸ. ಇವೆರಡೂ ಒಂದೇ ದಿನ ಆಗುವುದಿಲ್ಲ. ಹೊಲ ಬಿರುಕು ಬಿಟ್ಟ ದಿನಕ್ಕೂ ‘ಈ ತಾಲ್ಲೂಕು ಬರಪೀಡಿತ’ ಎಂಬ ಆದೇಶ ಹೊರಬೀಳುವ ದಿನಕ್ಕೂ ನಡುವೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಕಳೆದುಹೋಗುತ್ತವೆ. ಆ ಅವಧಿಯಲ್ಲಿ ಕಚೇರಿಗಳಲ್ಲಿ ಏನು ನಡೆಯುತ್ತದೆ? ಎಲ್ಲರ ಕಣ್ಣಿಗೂ ಕಾಣುವ ಸಂಗತಿಯನ್ನು ಬಾಯಿಬಿಟ್ಟು ಹೇಳಲು ಸರ್ಕಾರಗಳು ಏಕೆ ಹಿಂಜರಿಯುತ್ತವೆ?

ಉತ್ತರ ಸರಳವಾಗಿದೆ. ಆ ಮಾತನ್ನು ಆಡಿದೊಡನೆ ಒಂದು ಹೊಣೆ ಹೆಗಲೇರುತ್ತದೆ. ಕೆಲಸ ಕೊಡಬೇಕು, ಕಾಳು ಕೊಡಬೇಕು, ಕಂದಾಯ ಬಿಡಬೇಕು, ಖಜಾನೆ ತೆರೆಯಬೇಕು. ಆಡದೆ ಇದ್ದರೆ ಹಣ ಉಳಿಯುತ್ತದೆ, ಆದರೆ ಜನ ಉಳಿಯುವುದಿಲ್ಲ. ನಮ್ಮ ದೇಶದಲ್ಲಿ ವಿಪತ್ತು ನಿರ್ವಹಣೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಒಂದು ಮಾತನ್ನು ಯಾರು, ಯಾವಾಗ, ಯಾವ ಅಳತೆಯ ಮೇಲೆ ಆಡಬೇಕು ಎಂಬ ಜಗಳದ ಇತಿಹಾಸ. ಅದರಲ್ಲಿ ನಮ್ಮ ಮೈಸೂರು, ಬಳ್ಳಾರಿ, ಬಿಜಾಪುರ ಸೀಮೆಗಳಿಗೂ ದೊಡ್ಡ ಪಾಲಿದೆ. ಆ ಪಾಲನ್ನು ನಮ್ಮ ಹಿರಿಯರು ಪ್ರಾಣದಿಂದ ತೆತ್ತರು.

ಹಗೇವು ಮತ್ತು ಅರಸು

ಬರಗಾಲದಲ್ಲಿ ಪ್ರಜೆಗಳನ್ನು ಕಾಯುವುದು ಅರಸನ ಧರ್ಮ ಎಂಬ ಭಾವನೆ ನಮ್ಮಲ್ಲಿ ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ನಾಲ್ಕನೆಯ ಅಧಿಕರಣದಲ್ಲಿ ಬೆಂಕಿ, ನೆರೆ, ರೋಗಗಳ ಜೊತೆಗೆ ದುರ್ಭಿಕ್ಷವನ್ನೂ ರಾಜ್ಯಕ್ಕೆ ಒದಗುವ ಮಹಾಭಯಗಳಲ್ಲಿ ಎಣಿಸಿದೆ. ಬಿತ್ತನೆಯ ಬೀಜ ಮತ್ತು ಆಹಾರ ಕೊಡಬೇಕು, ಕೋಟೆ-ಕಟ್ಟೆಗಳ ಕೆಲಸ ಹಚ್ಚಿ ಕೂಲಿಯಾಗಿ ಅನ್ನ ನೀಡಬೇಕು ಎಂಬ ಸೂಚನೆ ಅಲ್ಲಿದೆ. ‘ಕೂಲಿಗಾಗಿ ಕಾಳು’ ಎಂಬ ಕಲ್ಪನೆ ಇಪ್ಪತ್ತನೆಯ ಶತಮಾನದ್ದಲ್ಲ ಎಂಬುದನ್ನು ನೀವು ಇಲ್ಲಿ ಗಮನಿಸಬಹುದು.

ರೈತನೂ ಅರಸನನ್ನೇ ನಂಬಿ ಕೂತವನಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ನೆಲದೊಳಗೆ ಹಗೇವು ತೋಡಿ ರಾಗಿ ತುಂಬಿಸುವ ಪದ್ಧತಿ ಇತ್ತು. ರಾಗಿ ಹುಳು ಹಿಡಿಯದೆ ವರ್ಷಗಟ್ಟಲೆ ಉಳಿಯುವ ಧಾನ್ಯ. ಒಂದು ವರ್ಷ ಮಳೆ ಕೈಕೊಟ್ಟರೆ ಹಗೇವು ಕಾಯುತ್ತಿತ್ತು. ಎರಡನೆಯ ವರ್ಷವೂ ಕೈಕೊಟ್ಟರೆ ಹಗೇವಿದ್ದವನೇ ಕಷ್ಟದಲ್ಲಿ ಬೀಳುತ್ತಿದ್ದ. ಹಗೇವೇ ಇಲ್ಲದ ಕೂಲಿಯವನ ಪಾಡಂತೂ ಕೇಳಬೇಕಾಗಿಲ್ಲ. 1791-92ರಲ್ಲಿ ಉತ್ತರ ಕರ್ನಾಟಕದ ಕಡೆ ಬಂದ ಕ್ಷಾಮಕ್ಕೆ ‘ತಲೆಬುರುಡೆಗಳ ಬರ’ ಎಂಬ ಅರ್ಥದ ಹೆಸರೇ ಜನರ ನೆನಪಿನಲ್ಲಿ ಉಳಿಯಿತು. ಹೂಳಲಾಗದಷ್ಟು ಜನ ಸತ್ತರು ಎಂಬುದು ಆ ಹೆಸರಿನ ಹಿಂದಿನ ಕಥೆ.

ಒರಿಸ್ಸಾದ ಜಿಪುಣತನ, ಬಿಹಾರದ ‘ದುಂದು’

ಬ್ರಿಟಿಷರ ಕಾಲಕ್ಕೆ ಈ ಹಳೆಯ ಧರ್ಮದ ಜಾಗದಲ್ಲಿ ಹೊಸದೊಂದು ಸಿದ್ಧಾಂತ ಬಂದು ಕುಳಿತಿತು. ಧಾನ್ಯದ ವ್ಯಾಪಾರದಲ್ಲಿ ಸರ್ಕಾರ ಕೈ ಹಾಕಬಾರದು. ಬೆಲೆ ಏರಿದರೆ ವ್ಯಾಪಾರಿಗಳು ತಾವಾಗಿಯೇ ಧಾನ್ಯ ತರುತ್ತಾರೆ ಎಂಬುದು ಅದರ ಸಾರ. ಪುಸ್ತಕದಲ್ಲಿ ಅದು ಅಚ್ಚುಕಟ್ಟಾಗಿ ಕಾಣುತ್ತಿತ್ತು. 1866ರಲ್ಲಿ ಒರಿಸ್ಸಾದಲ್ಲಿ ಅದರ ಪರೀಕ್ಷೆಯಾಯಿತು.

1865ರಲ್ಲಿ ಅಲ್ಲಿ ಮಳೆ ಬೇಗ ನಿಂತು ಬತ್ತ ಒಣಗಿತು. ಅಲ್ಲಿನ ಕಮಿಷನರ್ ರಾವೆನ್‌ಷಾ ಅಕ್ಕಿ ತರಿಸುವ ವಿಚಾರ ಕೇಳಿದಾಗ ಕಲ್ಕತ್ತೆಯಿಂದ ನಿರಾಕರಣೆ ಬಂತು. ವ್ಯಾಪಾರಿಗಳು ತರಲಿಲ್ಲ, ಏಕೆಂದರೆ ಹಸಿದವರ ಕೈಯಲ್ಲಿ ಕಾಸಿರಲಿಲ್ಲ. ಕೊನೆಗೆ ಸರ್ಕಾರ ಎಚ್ಚತ್ತಾಗ ಮುಂಗಾರು ಹತ್ತಿರ ಬಂದಿತ್ತು. ಕಡಲು ಒರಟಾಗಿ ಹಡಗುಗಳು ದಡ ಸೇರುವುದು ಕಷ್ಟವಾಯಿತು, ದಾರಿಗಳು ಕೆಸರಾದವು. ಸುಮಾರು ಹತ್ತು ಲಕ್ಷ ಜನ ಸತ್ತರೆಂದು ಅಂದಾಜು. ಆ ಪ್ರಾಂತದ ಮೂರರಲ್ಲಿ ಒಂದು ಪಾಲು ಅದು.

ಈ ಕಳಂಕ ಮರುಕಳಿಸಬಾರದೆಂದು 1873-74ರಲ್ಲಿ ಬಿಹಾರದಲ್ಲಿ ಮಳೆ ತಪ್ಪಿದಾಗ ಸರ್ಕಾರ ಬೇರೆ ದಾರಿ ಹಿಡಿಯಿತು. ಪರಿಹಾರದ ಹೊಣೆ ಹೊತ್ತ ರಿಚರ್ಡ್ ಟೆಂಪಲ್ ಬರ್ಮಾದಿಂದ ನಾಲ್ಕು ಲಕ್ಷ ಟನ್ನಿಗೂ ಹೆಚ್ಚು ಅಕ್ಕಿ ತರಿಸಿದ. ಉದಾರವಾಗಿ ಕೂಲಿ ಕೊಟ್ಟ. ಕೈಲಾಗದವರಿಗೆ ಪುಕ್ಕಟೆ ಕಾಳು ಹಂಚಿದ. ಹಸಿವಿನಿಂದ ಸತ್ತವರು ಬಹಳ ವಿರಳ. ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಇಂಥ ಯಶಸ್ಸು ಇನ್ನೊಂದಿಲ್ಲ ಎನ್ನಬಹುದು.

ಟೆಂಪಲ್‌ಗೆ ಸಿಕ್ಕ ಬಹುಮಾನವೇನು ಗೊತ್ತೇ? ಬೈಗುಳ. ಆರು ಕೋಟಿ ರೂಪಾಯಿಗೂ ಮಿಕ್ಕಿ ಖರ್ಚಾಗಿತ್ತು. ಉಳಿದ ಅಕ್ಕಿಯನ್ನು ನಷ್ಟಕ್ಕೆ ಮಾರಬೇಕಾಯಿತು. ಜನ ಸಾಯಲಿಲ್ಲವಾದ್ದರಿಂದ ಬರವೇ ಅಷ್ಟು ದೊಡ್ಡದಿರಲಿಲ್ಲ, ಹಣವೆಲ್ಲ ದುಂದಾಯಿತು ಎಂದು ಲಂಡನ್ನಿನ ಪತ್ರಿಕೆಗಳೂ ಅಧಿಕಾರಿಗಳೂ ಟೀಕಿಸಿದರು. ಇಲ್ಲಿ ಒಂದು ಕ್ಷಣ ನಿಂತು ಯೋಚಿಸಿ. ವಿಪತ್ತನ್ನು ತಡೆದವನಿಗೆ ತಾನು ತಡೆದೆ ಎಂದು ತೋರಿಸಲು ಸಾಕ್ಷಿಯೇ ಇರುವುದಿಲ್ಲ. ಬಾರದೆ ಹೋದ ಸಾವನ್ನು ಯಾರು ಎಣಿಸುತ್ತಾರೆ? ಖರ್ಚಾದ ಹಣವನ್ನಾದರೆ ಎಲ್ಲರೂ ಎಣಿಸುತ್ತಾರೆ. ಆಡಳಿತದ ಈ ತೊಡಕು ಇಂದಿಗೂ ಬಗೆಹರಿದಿಲ್ಲ.

ಧಾತು, ಈಶ್ವರ

1876ರಲ್ಲಿ ಮುಂಗಾರು, ಹಿಂಗಾರು ಎರಡೂ ದಖ್ಖನ್ನಿಗೆ ಕೈಕೊಟ್ಟವು. ಅದು ಧಾತು ಸಂವತ್ಸರ. ಮರುವರ್ಷ ಈಶ್ವರ ಸಂವತ್ಸರ; ಆಗಲೂ ಸೆಪ್ಟೆಂಬರಿನವರೆಗೆ ಹದವಾದ ಮಳೆ ಆಗಲಿಲ್ಲ. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಇದನ್ನು ‘ಧಾತು-ಈಶ್ವರ ಬರ’ ಎಂದು ಕರೆದರು. ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಲಾದಗಿ ಅಂದರೆ ಇಂದಿನ ವಿಜಯಪುರ-ಬಾಗಲಕೋಟೆ ಸೀಮೆ, ಹೈದರಾಬಾದು ಸಂಸ್ಥಾನದ ಕನ್ನಡ ಜಿಲ್ಲೆಗಳು ಮತ್ತು ಮೈಸೂರು, ಎಲ್ಲವೂ ಒಟ್ಟಿಗೆ ತತ್ತರಿಸಿದವು.

ಆಗ ಮೈಸೂರಿನಲ್ಲಿ ಮಹಾರಾಜರ ಆಳ್ವಿಕೆ ಇರಲಿಲ್ಲ. 1831ರಿಂದ 1881ರವರೆಗೆ ಸಂಸ್ಥಾನ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. 1864ರಲ್ಲೇ ಬೆಂಗಳೂರಿಗೆ ಜೋಲಾರಪೇಟೆಯ ಕಡೆಯಿಂದ ರೈಲು ಬಂದಿದ್ದರೂ ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಯೇ ಗತಿ. ಮೇವು, ನೀರು ಇಲ್ಲದೆ ಎತ್ತುಗಳೇ ಸಾಯುತ್ತಿರುವಾಗ ಗಾಡಿ ಎಳೆಯುವವರು ಯಾರು? ರೈಲು ನಿಲ್ದಾಣದಲ್ಲಿ ಮೂಟೆಗಳು, ಹಳ್ಳಿಯಲ್ಲಿ ಹಸಿವು. ನಿಲ್ದಾಣದ ಹತ್ತಿರವೇ ಇದ್ದವರಿಗೂ ಬೆಲೆ ಎಟುಕುತ್ತಿರಲಿಲ್ಲ. ಕೆಲಸ ನಿಂತಾಗ ಕೂಲಿ ನಿಲ್ಲುತ್ತದೆ. ಕೂಲಿ ನಿಂತವನಿಗೆ ಮಾರುಕಟ್ಟೆಯಲ್ಲಿ ಕಾಳಿದ್ದರೂ ಇಲ್ಲದಂತೆಯೇ. ಅದೇ ವರ್ಷಗಳಲ್ಲಿ ಭಾರತದಿಂದ ಇಂಗ್ಲೆಂಡಿಗೆ ಗೋಧಿ ರಫ್ತಾಗುತ್ತಲೇ ಇತ್ತು.

ಫಲವೇನಾಯಿತೆಂದು ತಿಳಿಯಲು ಜನಗಣತಿಯ ಎರಡು ಅಂಕಿಗಳು ಸಾಕು. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ನಾಡು ಎಂಟೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ನೂರಕ್ಕೆ ಹದಿನೇಳು ಮಂದಿ. ಬ್ರಿಟಿಷರ ನೇರ ಆಡಳಿತದಲ್ಲಿದ್ದ ಪ್ರಾಂತಗಳಲ್ಲಿ ಈ ಕ್ಷಾಮಕ್ಕೆ ಬಲಿಯಾದವರು ಐವತ್ತು ಲಕ್ಷಕ್ಕೂ ಮೀರಿದರು.

ಒಂದು ಪೌಂಡು ಧಾನ್ಯ

ಈ ದುರಂತದ ನಡುವೆ 1877ರ ಜನವರಿ 1ರಂದು ದೆಹಲಿಯಲ್ಲಿ ದೊಡ್ಡ ದರ್ಬಾರು ನಡೆಯಿತು. ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಎಂದು ಸಾರುವ ಸಮಾರಂಭ ಅದು. ಅಲ್ಲಿಗೆ ಬಂದಿದ್ದ ಮದರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನ ಮೇಲೆ ವೈಸರಾಯ್ ಲಾರ್ಡ್ ಲಿಟ್ಟನ್‌ಗೆ ಅಸಮಾಧಾನವಿತ್ತು. ಕಾರಣ, ಮದರಾಸು ಸರ್ಕಾರ ಗುಟ್ಟಾಗಿ 30,000 ಟನ್ ಧಾನ್ಯ ಕೊಂಡು ಸಂಗ್ರಹಿಸಿತ್ತು. ಪರಿಹಾರದ ಕಾಮಗಾರಿಗಳಲ್ಲಿ ಲಕ್ಷಾಂತರ ಜನರನ್ನು ಸೇರಿಸಿಕೊಂಡಿತ್ತು. ಅದೇ ಹೊತ್ತಿಗೆ ಅಫ್ಘಾನಿಸ್ತಾನದ ಗಡಿಯ ಚಿಂತೆ ವೈಸರಾಯರ ತಲೆಯಲ್ಲಿತ್ತು. ಖರ್ಚು ಕಡಿಮೆ ಮಾಡಿಸಲು ಅವರು ದಕ್ಷಿಣಕ್ಕೆ ಒಬ್ಬ ಪ್ರತಿನಿಧಿಯನ್ನು ಕಳುಹಿಸಿದರು.

ಆ ಪ್ರತಿನಿಧಿ ಯಾರೆಂದು ಊಹಿಸಿ. ಬಿಹಾರದಲ್ಲಿ ಕೈಬಿಚ್ಚಿ ಖರ್ಚು ಮಾಡಿ ಬೈಸಿಕೊಂಡ ಅದೇ ರಿಚರ್ಡ್ ಟೆಂಪಲ್! ಈ ಸಲ ಆತ ಬೈಸಿಕೊಳ್ಳಲು ಸಿದ್ಧನಿರಲಿಲ್ಲ. ಕಾಮಗಾರಿಗಳಿಂದ ಸಾವಿರಾರು ಜನರನ್ನು ಹೊರಹಾಕಿಸಿದ. ಉಳಿದವರಲ್ಲಿ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದು ಆಣೆ, ಹೆಂಗಸರಿಗೂ ಮಕ್ಕಳಿಗೂ ಅದಕ್ಕಿಂತ ಕಡಿಮೆ ಎಂದು ನಿಗದಿ ಮಾಡಿದ. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ಕಲ್ಲು ಒಡೆಯುವ, ಮಣ್ಣು ಹೊರುವ ಆಳಿಗೆ ಅದೇ ದಿನವಿಡೀ ಆಧಾರ. ಇದಕ್ಕೆ ‘ಟೆಂಪಲ್ ಕೂಲಿ’ ಎಂಬ ಹೆಸರೇ ಬಂತು.

ಇದನ್ನು ಸುಮ್ಮನೆ ಒಪ್ಪಿಕೊಳ್ಳದವರೂ ಇದ್ದರು ಎಂಬುದು ಸಮಾಧಾನದ ಸಂಗತಿ. ಮದರಾಸಿನ ನೈರ್ಮಲ್ಯ ಕಮಿಷನರ್ ಡಾಕ್ಟರ್ ಕಾರ್ನಿಷ್, ದುಡಿಯುವ ದೇಹಕ್ಕೆ ಒಂದೂವರೆ ಪೌಂಡು ಧಾನ್ಯವೂ ಅದರ ಜೊತೆಗೆ ಬೇಳೆ-ತರಕಾರಿಯೂ ಬೇಕು ಎಂದು ವಾದಿಸಿದ. ಜೈಲಿನ ಕೈದಿಗಳಿಗೆ ಕೊಡುವ ಆಹಾರದೊಡನೆ, ಸಾವಿನ ಅಂಕಿಗಳೊಡನೆ ಹೋಲಿಸಿ ತೋರಿಸಿದ. ಮುಂಬಯಿ ಪ್ರಾಂತದಲ್ಲಿ ಕೂಲಿ ಇಳಿದಾಗ ಸಾವಿರಾರು ಜನ ಕಾಮಗಾರಿಗಳನ್ನೇ ಬಿಟ್ಟು ನಡೆದರು. ಹಸಿದವರು ಹೂಡಿದ ಮುಷ್ಕರ ಅದು. ಪುಣೆಯ ಸಾರ್ವಜನಿಕ ಸಭೆ ಅವರ ಬೆನ್ನಿಗೆ ನಿಂತಿತು. ಹಳ್ಳಿಗಳಿಂದ ಅಂಕಿ-ಸಂಖ್ಯೆ ತರಿಸಿ ಸರ್ಕಾರಕ್ಕೆ ಪತ್ರದ ಮೇಲೆ ಪತ್ರ ಬರೆಯಿತು. ಮದರಾಸಿನಲ್ಲಿ ವಿಲಿಯಂ ಡಿಗ್ಬಿ ಎಂಬ ಪತ್ರಕರ್ತ ಇಂಗ್ಲೆಂಡಿನ ಜನಕ್ಕೆ ನಿಜಸ್ಥಿತಿ ಮುಟ್ಟಿಸಿದ. 1878ರಲ್ಲಿ ಈ ಕ್ಷಾಮದ ಚರಿತ್ರೆಯನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿದ. ಒತ್ತಡ ಹೆಚ್ಚಾದಾಗ ಮದರಾಸು ಸರ್ಕಾರ ಕೂಲಿಯನ್ನು ಏರಿಸಿತು.

1877ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಲಿಟ್ಟನ್ ಸ್ವತಃ ಬಳ್ಳಾರಿ, ಮದರಾಸು, ಮೈಸೂರುಗಳಿಗೆ ಬರಬೇಕಾಯಿತು. ಮೈಸೂರಿನ ಪರಿಹಾರ ವ್ಯವಸ್ಥೆ ಕುಸಿದಿರುವುದನ್ನು ಕಂಡು ಚಾರ್ಲ್ಸ್ ಎಲಿಯಟ್ ಎಂಬ ಅಧಿಕಾರಿಯನ್ನು ಇಲ್ಲಿಗೆ ಕ್ಷಾಮ ಕಮಿಷನರಾಗಿ ಕರೆಸಲಾಯಿತು. ಮುಂದೆ ಮೈಸೂರು ಕ್ಷಾಮದ ಅಧಿಕೃತ ಚರಿತ್ರೆಯನ್ನು ಬರೆದವನು ಈತನೇ.

ನೀವು ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗಿರಬಹುದು. ಆ ದಾರಿಯ ಮಣ್ಣಿನ ಕೆಲಸ ಆರಂಭವಾದದ್ದು ಈ ಬರದ ಪರಿಹಾರ ಕಾಮಗಾರಿಯಾಗಿ. 1882ರಲ್ಲಿ ರೈಲು ಮೈಸೂರು ಮುಟ್ಟಿತು. ಮುಂದಿನ ಸಲ ಆ ದಾರಿಯಲ್ಲಿ ಹೋಗುವಾಗ ಕಿಟಕಿಯಾಚೆಯ ಏರಿಗಳನ್ನು ಗಮನಿಸಿ. ಹಸಿದವರ ಕೈಗಳು ಹಾಕಿದ ಮಣ್ಣು ಅದರಲ್ಲಿದೆ.

1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಮರಳಿದಾಗ ಅದರ ಜೊತೆಗೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವೂ ಬಂತು. ಅದೇ ವರ್ಷ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಆ ಸಭೆಗೆ ಅಧಿಕಾರ ಅಲ್ಪವಾಗಿದ್ದರೂ, ಊರಿನ ಕಷ್ಟವನ್ನು ಆಳುವವರ ಮುಂದೆ ಹೇಳಲು ಜನಕ್ಕೆ ಒಂದು ಬಾಯಿ ಸಿಕ್ಕಿತು. ಬರ ಕಳೆದ ಬೆನ್ನಲ್ಲೇ ಇದು ನಡೆಯಿತು ಎಂಬುದನ್ನು ನೆನಪಿನಲ್ಲಿಡಿ.

ಕ್ಷಾಮ ಸಂಹಿತೆ ಹುಟ್ಟಿದ ಬಗೆ

ಇಷ್ಟು ದೊಡ್ಡ ಸಾವಿನ ಬಳಿಕ ಸರ್ಕಾರ ರಿಚರ್ಡ್ ಸ್ಟ್ರೇಚಿಯ ಅಧ್ಯಕ್ಷತೆಯಲ್ಲಿ ಕ್ಷಾಮ ಆಯೋಗವನ್ನು ನೇಮಿಸಿತು. ಮೈಸೂರಿನಲ್ಲಿ ಕೆಲಸ ಮಾಡಿದ್ದ ಎಲಿಯಟ್ ಅದರ ಕಾರ್ಯದರ್ಶಿಯಾದ. ಆಯೋಗದ ವರದಿ 1880ರಲ್ಲಿ ಬಂತು. ಅದನ್ನು ಅನುಸರಿಸಿ 1883ರಲ್ಲಿ ಕ್ಷಾಮ ಸಂಹಿತೆಯ ಮಾದರಿ ಸಿದ್ಧವಾಯಿತು. ಪ್ರಾಂತಗಳು ತಂತಮ್ಮ ಸಂಹಿತೆಗಳನ್ನು ಮಾಡಿಕೊಂಡವು.

ಈ ಸಂಹಿತೆಯ ಜಾಣತನ ಎಲ್ಲಿದೆ ನೋಡಿ. ಮಳೆ ಎಷ್ಟು ಬಿತ್ತು ಎಂಬುದೊಂದನ್ನೇ ಅದು ಕೇಳಲಿಲ್ಲ. ಕಾಳಿನ ಬೆಲೆ ಏರುತ್ತಿದೆಯೇ? ಜನ ಊರು ಬಿಟ್ಟು ಅಲೆಯುತ್ತಿದ್ದಾರೆಯೇ? ಸಣ್ಣಪುಟ್ಟ ಕಳವು ಹೆಚ್ಚಿದೆಯೇ? ಹೀಗೆ ಊರಿನ ನಾಡಿ ಹಿಡಿದು ನೋಡುವ ಲಕ್ಷಣಗಳನ್ನು ಪಟ್ಟಿ ಮಾಡಿತು. ಲಕ್ಷಣ ಕಂಡರೆ ಮೊದಲು ‘ಪರೀಕ್ಷಾ ಕಾಮಗಾರಿ’ ತೆರೆಯಬೇಕು. ಕಡಿಮೆ ಕೂಲಿಗೆ ಕಷ್ಟದ ಕೆಲಸ ಅದು. ಜನ ಅಲ್ಲಿಗೂ ಹಿಂಡುಗಟ್ಟಿ ಬಂದರೆ ಬವಣೆ ನಿಜವೆಂದು ಅರ್ಥ. ಆಗ ಅಭಾವ ಅಥವಾ ಕ್ಷಾಮವನ್ನು ಘೋಷಿಸಿ, ನಿಗದಿಯಾದ ಕೂಲಿಯಲ್ಲಿ ಕೆಲಸ ಕೇಳಿದವರಿಗೆಲ್ಲ ಕೆಲಸ ಕೊಡಬೇಕು. ಮುದುಕರು, ರೋಗಿಗಳು, ಅನಾಥರಿಗೆ ಪುಕ್ಕಟೆ ಆಹಾರ. ಕಂದಾಯಕ್ಕೆ ತಡೆ, ಬಾವಿಗೆ ಸಾಲ, ದನಗಳಿಗೆ ಮೇವು. ಯಾವ ಜಿಲ್ಲೆಯಲ್ಲಿ ಯಾವ ಕೆರೆ, ಯಾವ ರಸ್ತೆಯ ಕೆಲಸ ಹಚ್ಚಬೇಕೆಂಬ ಯೋಜನೆ ಬರ ಬರುವ ಮೊದಲೇ ಕಪಾಟಿನಲ್ಲಿ ಸಿದ್ಧವಿರಬೇಕು.

ಅದರ ಮಿತಿಯೂ ಸ್ಪಷ್ಟ. ಪ್ರಾಣ ಉಳಿಸುವುದಷ್ಟೇ ಗುರಿ. ಬಡತನ ನೀಗುವುದು ತನ್ನ ಕೆಲಸವಲ್ಲ ಎಂದು ಸರ್ಕಾರ ಭಾವಿಸಿತ್ತು. ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ಹಳೆಯ ಸಿದ್ಧಾಂತವನ್ನೂ ಬಿಟ್ಟುಕೊಡಲಿಲ್ಲ. 1896-97ರಲ್ಲೂ 1899-1900ರಲ್ಲೂ ಮತ್ತೆ ಮಹಾಕ್ಷಾಮಗಳು ಬಂದವು, ಮತ್ತೆ ಆಯೋಗಗಳು ಕುಳಿತವು, ಸಂಹಿತೆ ತಿದ್ದುಪಡಿಯಾಯಿತು. ಆದರೂ ಒಂದು ಮಾತು ನಿಜ: ಇಂಥ ಲಕ್ಷಣ ಕಂಡರೆ ಇಂಥ ಅಧಿಕಾರಿ ಇಂಥ ಕೆಲಸ ಮಾಡಲೇಬೇಕು ಎಂಬ ಲಿಖಿತ ಹೊಣೆ ಈ ದೇಶದ ಆಡಳಿತಕ್ಕೆ ಮೊದಲ ಬಾರಿ ಅಂಟಿತು. ಆ ಹೊಣೆಯೇ ಮುಂದೆ ಒಂದು ಸರ್ಕಾರಕ್ಕೆ ಭಯ ಹುಟ್ಟಿಸಿತು.

1943: ಘೋಷಣೆಯಾಗದ ಕ್ಷಾಮ

ಎರಡನೆಯ ಮಹಾಯುದ್ಧದ ಕಾಲ. 1942ರಲ್ಲಿ ಬರ್ಮಾ ಜಪಾನಿನ ವಶವಾಯಿತು. ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಶತ್ರುವಿಗೆ ಸಿಗಬಾರದೆಂದು ಬಂಗಾಳದ ಕರಾವಳಿಯಲ್ಲಿ ದೋಣಿಗಳನ್ನೂ ಹೆಚ್ಚುವರಿ ಅಕ್ಕಿಯನ್ನೂ ಸರ್ಕಾರ ತೆಗೆಸಿತು. ಅಕ್ಟೋಬರಿನಲ್ಲಿ ಮೇದಿನಿಪುರಕ್ಕೆ ಚಂಡಮಾರುತ ಅಪ್ಪಳಿಸಿತು. ಯುದ್ಧದ ಖರ್ಚಿನಿಂದ ಬೆಲೆಗಳು ಮುಗಿಲಿಗೇರಿದವು. ಪ್ರಾಂತಗಳು ಒಂದಕ್ಕೊಂದು ಗಡಿ ಮುಚ್ಚಿ ಧಾನ್ಯ ಹೊರಹೋಗದಂತೆ ತಡೆದವು. 1943ರ ನಡುಭಾಗದ ಹೊತ್ತಿಗೆ ಹಳ್ಳಿಯ ಕೂಲಿಗಾರರು, ಮೀನುಗಾರರು ಕಲ್ಕತ್ತೆಯ ಬೀದಿಗಳಲ್ಲಿ ಗಂಜಿಗಾಗಿ ಕೈಯೊಡ್ಡಿ ಸಾಯುತ್ತಿದ್ದರು.

ಸಂಹಿತೆಯಲ್ಲಿ ಬರೆದಿದ್ದ ಲಕ್ಷಣಗಳೆಲ್ಲ ಕಣ್ಣೆದುರಿಗಿದ್ದವು. ಆದರೂ ಬಂಗಾಳದಲ್ಲಿ ಕ್ಷಾಮವನ್ನು ಘೋಷಿಸಲಿಲ್ಲ. ಏಕೆ? ಘೋಷಿಸಿದರೆ ಸಂಹಿತೆಯ ಪ್ರಕಾರ ಇಷ್ಟು ಆಹಾರ ಕೊಡಲೇಬೇಕು. ಕೊಡಲು ತಮ್ಮಲ್ಲಿ ಅಷ್ಟು ಧಾನ್ಯ ಇಲ್ಲ ಎಂಬುದು ಹಂಗಾಮಿ ಗವರ್ನರ್ ರುದರ್‌ಫರ್ಡ್ ವೈಸರಾಯರಿಗೆ ಕೊಟ್ಟ ವಿವರಣೆ. ಪ್ರಾಂತದ ಮಂತ್ರಿಮಂಡಲವೂ ಅದಕ್ಕೆ ಮೊದಲು ಧಾನ್ಯದ ಕೊರತೆಯೇ ಇಲ್ಲ ಎಂದು ಪ್ರಚಾರ ಮಾಡಿತ್ತು. ಔಷಧ ಸಾಲದೆಂದು ರೋಗದ ಹೆಸರನ್ನೇ ಹೇಳದ ವೈದ್ಯನಂತಾಯಿತು ಸ್ಥಿತಿ. 1943ರ ಆಗಸ್ಟ್ 22ರಂದು ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆ ಹಸಿದವರ ಚಿತ್ರಗಳನ್ನು ಅಚ್ಚು ಹಾಕಿದ ಮೇಲೆ ಸುದ್ದಿಯನ್ನು ಮುಚ್ಚಿಡುವುದು ಅಸಾಧ್ಯವಾಯಿತು. ಅಕ್ಟೋಬರಿನಲ್ಲಿ ವೈಸರಾಯರಾಗಿ ಬಂದ ವೇವೆಲ್ ಕೂಡಲೇ ಕಲ್ಕತ್ತೆಗೆ ಹೋಗಿ ಪರಿಹಾರಕ್ಕೆ ಸೈನ್ಯವನ್ನು ಇಳಿಸಿದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ವುಡ್‌ಹೆಡ್ ಆಯೋಗ 1945ರಲ್ಲಿ ಸಾವಿನ ಸಂಖ್ಯೆಯನ್ನು 15 ಲಕ್ಷವೆಂದು ಎಣಿಸಿತು; ಅನಂತರದ ವಿದ್ವಾಂಸರು ಅದನ್ನು 30 ಲಕ್ಷದ ಸಮೀಪಕ್ಕೆ ಒಯ್ದಿದ್ದಾರೆ. ಬಾಲಕನಾಗಿ ಇದನ್ನು ಕಂಡ ಅಮರ್ತ್ಯ ಸೇನ್ 1981ರ ತಮ್ಮ ಗ್ರಂಥದಲ್ಲಿ, ಕ್ಷಾಮಕ್ಕೆ ಧಾನ್ಯದ ಕೊರತೆಗಿಂತ ಧಾನ್ಯ ಪಡೆಯುವ ಶಕ್ತಿಯ ಕುಸಿತವೇ ಮುಖ್ಯ ಕಾರಣವಾಗಬಲ್ಲದೆಂದು ತೋರಿಸಿದರು. ಧಾತು ಬರದ ರೈಲು ನಿಲ್ದಾಣಗಳಲ್ಲಿ ನಾವು ಕಂಡದ್ದೂ ಅದನ್ನೇ.

ಮತಪೆಟ್ಟಿಗೆಯ ಕಾಲ

ಸ್ವಾತಂತ್ರ್ಯದ ಬಳಿಕ ಬರ ಬಂತು, ಬಂಗಾಳದಂಥ ಮಹಾಕ್ಷಾಮ ಬರಲಿಲ್ಲ. ಹಸಿವಿನ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ, ಶಾಸನಸಭೆಯಲ್ಲಿ ಪ್ರಶ್ನೆಯಾಗುತ್ತದೆ, ಚುನಾವಣೆಯಲ್ಲಿ ಲೆಕ್ಕ ಕೇಳುತ್ತದೆ. ಹಾಗೆಂದು ಆ ಹಳೆಯ ಹಿಂಜರಿಕೆ ಮಾಯವಾಗಲಿಲ್ಲ. 1966ರಲ್ಲಿ ಬಿಹಾರದಲ್ಲಿ ಮಳೆ ತಪ್ಪಿತು. ‘ಕ್ಷಾಮ’ ಎಂಬ ಪದ ಅಧಿಕೃತವಾಗಿ ಹೊರಬಿದ್ದದ್ದು 1967ರ ಏಪ್ರಿಲಿನಲ್ಲಿ, ಫೆಬ್ರವರಿಯ ಚುನಾವಣೆಯಲ್ಲಿ ಸರ್ಕಾರ ಬದಲಾದ ಮೇಲೆ. ಈ ನಡುವೆ ಜಯಪ್ರಕಾಶ ನಾರಾಯಣರು ಮುಂದಾಳಾಗಿದ್ದ ಪರಿಹಾರ ಸಮಿತಿ ಊರೂರಿನಲ್ಲಿ ಉಚಿತ ಊಟದ ಕೇಂದ್ರಗಳನ್ನು ನಡೆಸಿತು.

1972-73ರಲ್ಲಿ ಮಹಾರಾಷ್ಟ್ರ ಮೇಲಿಂದ ಮೇಲೆ ಬರಕ್ಕೆ ಸಿಕ್ಕಿತು. ಆ ಬೇಸಿಗೆಯಲ್ಲಿ ಕೆರೆ, ಕಾಲುವೆ, ರಸ್ತೆಗಳ ಪರಿಹಾರ ಕಾಮಗಾರಿಗಳಲ್ಲಿ ಒಮ್ಮೆಗೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಹಳೆಯ ಸಂಹಿತೆಯ ಚೌಕಟ್ಟೇ ಅದು, ಆದರೆ ಕೆಲಸ ಕೇಳಲು ಜನ ಮೆರವಣಿಗೆಯಲ್ಲಿ ಬಂದರು, ಘೇರಾವೋ ಮಾಡಿದರು. ದಾನವಾಗಿದ್ದದ್ದು ಬೇಡಿಕೆಯಾಯಿತು. ಅದರಿಂದ ಆ ರಾಜ್ಯದ ಉದ್ಯೋಗ ಖಾತರಿ ಯೋಜನೆ ಬೆಳೆಯಿತು, 1977ರಲ್ಲಿ ಅದಕ್ಕೆ ಕಾಯಿದೆಯ ಬಲ ಬಂತು. 2005ರಲ್ಲಿ ಸಂಸತ್ತು ಇಡೀ ದೇಶದ ಗ್ರಾಮೀಣ ಕುಟುಂಬಗಳಿಗೆ ಉದ್ಯೋಗ ಖಾತರಿ ಕಾಯಿದೆ ಮಾಡಿದಾಗ ಈ ಅನುಭವವೇ ಅದರ ಹಿಂದಿತ್ತು.

ಪರಿಹಾರದಿಂದ ನಿರ್ವಹಣೆಗೆ

1999ರ ಅಕ್ಟೋಬರಿನಲ್ಲಿ ಒಡಿಶಾದ ಮಹಾಚಂಡಮಾರುತಕ್ಕೆ ಸುಮಾರು 10,000 ಜನ ಬಲಿಯಾದರು. 2001ರ ಜನವರಿಯಲ್ಲಿ ಕಛ್‌ನ ಭೂಕಂಪ, 2004ರ ಡಿಸೆಂಬರಿನಲ್ಲಿ ಸುನಾಮಿ. ವಿಪತ್ತು ಬಂದ ಮೇಲೆ ಪರಿಹಾರ ಹಂಚುವ ಪದ್ಧತಿ ಸಾಲದು ಎಂಬುದು ಮನವರಿಕೆಯಾಯಿತು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ರಾಷ್ಟ್ರ ಮಟ್ಟದ ಪ್ರಾಧಿಕಾರಕ್ಕೆ ಪ್ರಧಾನಮಂತ್ರಿ, ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದಕ್ಕೆ ಜಿಲ್ಲಾಧಿಕಾರಿ ಮುಖ್ಯಸ್ಥರಾದರು. ವಿಶೇಷ ತರಬೇತಿಯ ರಾಷ್ಟ್ರೀಯ ಪಡೆಯೂ ರೂಪುಗೊಂಡಿತು.

ಮುಂಜಾಗ್ರತೆಯ ಫಲವನ್ನು ಒಡಿಶಾವೇ ತೋರಿಸಿತು. 2013ರಲ್ಲಿ ಫೈಲಿನ್ ಚಂಡಮಾರುತ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಲಾಗಿತ್ತು. ಸತ್ತವರ ಸಂಖ್ಯೆ ಕೆಲವು ಹತ್ತುಗಳಲ್ಲಿ ನಿಂತಿತು. 1866ರಲ್ಲಿ ತಡಮಾಡಿ ಹತ್ತು ಲಕ್ಷ ಜನರನ್ನು ಕಳೆದುಕೊಂಡ ನಾಡು ಅದು.

ಹೆಸರಿಟ್ಟರೆ ಹೊಣೆ ಬರುತ್ತದೆ ಎಂಬ ಹಳೆಯ ಸೂತ್ರ ಈ ಕಾಯಿದೆಯಲ್ಲೂ ಉಳಿದಿದೆ. 2020ರಲ್ಲಿ ಕೋವಿಡ್ ಪಿಡುಗನ್ನು ಸರ್ಕಾರ ವಿಪತ್ತೆಂದು ಪರಿಗಣಿಸಿ ಇದೇ ಕಾಯಿದೆಯಡಿ ದೇಶಕ್ಕೆ ಬೀಗ ಹಾಕಿತು. ವಿಪತ್ತು ಎಂದ ಮೇಲೆ ಮೃತರ ಕುಟುಂಬಗಳಿಗೆ ಪರಿಹಾರ ಕೊಡಬೇಡವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್ 30ರಂದು ನ್ಯಾಯಾಲಯ, ಮೊತ್ತ ಎಷ್ಟೆಂದು ನೀವೇ ನಿರ್ಧರಿಸಿ, ಆದರೆ ಕನಿಷ್ಠ ಪರಿಹಾರದ ಸೂತ್ರ ಮಾಡುವುದು ಕಾಯಿದೆಯ ಕಡ್ಡಾಯ ಎಂದಿತು. ತಲಾ 50,000 ರೂಪಾಯಿ ನಿಗದಿಯಾಯಿತು.

ಅಳತೆಗೋಲಿನ ರಾಜಕೀಯ

ಈಗ ನಮ್ಮ ಊರಿನ ಬರಕ್ಕೆ ಬರೋಣ. ಹಿಂದೆ ಬರವನ್ನು ‘ಆಣೆವಾರಿ’ಯಿಂದ ಅಳೆಯುತ್ತಿದ್ದರು. ರೂಪಾಯಿಗೆ ಹದಿನಾರಾಣೆಯಂತೆ ಪೂರ್ಣ ಬೆಳೆಗೆ ಎಷ್ಟಾಣೆ ಬೆಳೆ ಎಂಬ ಅಂದಾಜು ಅದು. ತೊಂದರೆ ಏನೆಂದರೆ, ಬೆಳೆ ಕೊಯ್ಲಿಗೆ ಬರುವ ತನಕ ಆಣೆ ಗೊತ್ತಾಗುವುದಿಲ್ಲ. ಅಷ್ಟರಲ್ಲಿ ರೈತ ದನ ಮಾರಿ ಗುಳೆ ಹೊರಟಿರುತ್ತಾನೆ. ಮೊದಲೇ ತಿಳಿಯುವ ದಾರಿ ಹುಡುಕಿ 1988ರಲ್ಲಿ ಕರ್ನಾಟಕ ಬರ ಉಸ್ತುವಾರಿ ಕೋಶವನ್ನು ಸ್ಥಾಪಿಸಿತು. ದೇಶದಲ್ಲಿ ಇಂಥದು ಅದೇ ಮೊದಲು. ಮುಂದೆ ಗ್ರಾಮ ಪಂಚಾಯಿತಿಗಳ ಮಟ್ಟಕ್ಕೂ ಸ್ವಯಂಚಾಲಿತ ಮಳೆಮಾಪಕಗಳು ಬಂದವು.

ಅಳತೆ ಸುಧಾರಿಸಿದರೂ ಹಿಂಜರಿಕೆ ಹೋಗಲಿಲ್ಲ. 2016ರ ಮೇ ತಿಂಗಳ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು, ಬರವನ್ನು ಒಪ್ಪಿಕೊಳ್ಳಲು ಹಿಂದೇಟು ಹಾಕಿದ ಬಿಹಾರ, ಗುಜರಾತ್, ಹರಿಯಾಣ ರಾಜ್ಯಗಳನ್ನು ಟೀಕಿಸಿತು. ಬರ ನಿರ್ವಹಣೆಯ ಕೈಪಿಡಿಯನ್ನು ಪರಿಷ್ಕರಿಸಲು ಕೇಂದ್ರಕ್ಕೆ ಹೇಳಿತು. ಆ ವರ್ಷದ ಕೊನೆಗೆ ಬಂದ ಹೊಸ ಕೈಪಿಡಿ ಮಳೆ, ಬಿತ್ತನೆ, ಮಣ್ಣಿನ ತೇವಾಂಶ, ಉಪಗ್ರಹಚಿತ್ರದ ಹಸಿರು ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಆಗ ಜಗಳದ ರೂಪ ಬದಲಾಯಿತು. ಅಳತೆ ವಿಪರೀತ ಬಿಗಿಯಾಯಿತು ಎಂದು ಕರ್ನಾಟಕವೂ ಸೇರಿ ರಾಜ್ಯಗಳು ದೂರಿದವು.

2023ರಲ್ಲಿ ಕರ್ನಾಟಕ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತು. ರಾಷ್ಟ್ರೀಯ ನಿಧಿಯಿಂದ 18,171 ಕೋಟಿ ರೂಪಾಯಿ ಕೇಳಿತು. ತಿಂಗಳುಗಟ್ಟಲೆ ಹಣ ಬಾರದಾಗ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಏಪ್ರಿಲಿನಲ್ಲಿ ಸುಮಾರು 3,454 ಕೋಟಿ ಬಿಡುಗಡೆಯಾಯಿತು. ಕೇಳಿದ್ದು ಹೆಚ್ಚೋ ಕೊಟ್ಟದ್ದು ಕಡಿಮೆಯೋ ಎಂಬ ವಾದದಲ್ಲಿ ಎರಡೂ ಕಡೆ ಅಂಕಿಗಳಿದ್ದವು. ಲಿಟ್ಟನ್ ಮತ್ತು ಬಕಿಂಗ್‌ಹ್ಯಾಮರ ಪತ್ರವ್ಯವಹಾರ ಓದಿದವರಿಗೆ ಈ ವಾದದ ಧಾಟಿ ಹೊಸದೆನಿಸಲಾರದು. ವ್ಯತ್ಯಾಸ ಇಷ್ಟೇ, ಆದರೆ ಅದು ಸಣ್ಣದಲ್ಲ: ಅಂದು ಆ ಜಗಳ ಇಬ್ಬರು ದೊರೆಗಳ ನಡುವೆ ಕಡತದೊಳಗೆ ನಡೆಯಿತು. ಇಂದು ಪತ್ರಿಕೆಯಲ್ಲಿ, ವಿಧಾನಸೌಧದಲ್ಲಿ, ನ್ಯಾಯಾಲಯದಲ್ಲಿ ಎಲ್ಲರೆದುರು ನಡೆಯುತ್ತದೆ. ಹಗೇವಿನ ರಾಗಿಯ ಜಾಗದಲ್ಲಿ ಪಡಿತರದ ಅಕ್ಕಿ ಇದೆ. ಬೆಳೆ ಒಣಗುತ್ತದೆ, ಸಾಲ ಏರುತ್ತದೆ, ಸಂಸಾರಗಳು ಗುಳೆ ಹೋಗುತ್ತವೆ. ಇವೆಲ್ಲ ನಿಜವಾದ ಸಂಕಟಗಳೇ. ಆದರೆ ಜನಗಣತಿಯಲ್ಲಿ ನೂರಕ್ಕೆ ಹದಿನೇಳು ಮಂದಿ ಅಳಿಸಿಹೋಗುವುದಿಲ್ಲ.

ಆದ್ದರಿಂದ ಮಿತ್ರರೇ, ಮುಂದೆ ನಿಮ್ಮ ತಾಲ್ಲೂಕಿನ ಹೆಸರು ಬರಪೀಡಿತರ ಪಟ್ಟಿಯಲ್ಲಿ ಬಂದಾಗ ಅಥವಾ ಬಾರದಿದ್ದಾಗ, ಯಾವ ಅಳತೆಯಿಂದ, ಯಾವ ದಿನ, ಯಾರ ಸಹಿಯಿಂದ ಅದು ತೀರ್ಮಾನವಾಯಿತೆಂದು ಕೇಳಿ. ಡಾಕ್ಟರ್ ಕಾರ್ನಿಷ್ ಕೇಳಿದ್ದೂ ಪುಣೆಯ ಸಾರ್ವಜನಿಕ ಸಭೆ ಕೇಳಿದ್ದೂ ಇಂಥ ಪ್ರಶ್ನೆಗಳನ್ನೇ. ಅವರು ಕೇಳಿದ್ದರಿಂದಲೇ ಒಂದು ಪೌಂಡು ಮತ್ತಷ್ಟಾಯಿತು.

ಚರ್ಚೆಗೆ

1. ಬಿಹಾರದಲ್ಲಿ ಟೀಕೆಗೆ ಒಳಗಾದ ಟೆಂಪಲ್ ಮೂರು ವರ್ಷಗಳ ಬಳಿಕ ದಕ್ಷಿಣದಲ್ಲಿ ನಡೆದುಕೊಂಡ ರೀತಿಗೆ ಯಾರು ಯಾರು ಹೊಣೆ? ತರಗತಿಯಲ್ಲಿ ಪರ-ವಿರೋಧ ವಾದಿಸಿ.

2. ‘ಪರೀಕ್ಷಾ ಕಾಮಗಾರಿ’ಯಿಂದ ಬವಣೆಯನ್ನು ಅಳೆಯುವುದು ನ್ಯಾಯವೇ? ಅದರಲ್ಲಿ ಯಾರು ಲೆಕ್ಕಕ್ಕೆ ಸಿಗದೆ ಹೋಗುತ್ತಾರೆ?

3. ನಿಮ್ಮ ಊರಿನಲ್ಲಿ ಬರಗಾಲದ ಕಾಮಗಾರಿಯಾಗಿ ತೋಡಿದ ಕೆರೆ, ಬಾವಿ ಅಥವಾ ಹಾಕಿದ ರಸ್ತೆ ಇದೆಯೇ? ಹಿರಿಯರನ್ನು ಕೇಳಿ, ವರ್ಷ ಮತ್ತು ಆಗಿನ ಕೂಲಿಯನ್ನು ಗುರುತು ಹಾಕಿಕೊಳ್ಳಿ.